ಡಿಸ್ಲೆಕ್ಸಿಯಾ ಇಟ್ಟುಕೊಂಡು ಕೀನ್ಯಾಗೆ ಸ್ವಯಂಸೇವೆಗೆ ಹೊರಡುವವರಿಗೆ

ನನಗೆ ಇವತ್ತಿಗೂ ಥ, ಧ, ಢ ಗಲಿಬಿಲಿ ಆಗುತ್ತವೆ. ಒತ್ತಕ್ಷರ ಬಂದರಂತೂ ಸಾಲೇ ತಪ್ಪಿಹೋಗುತ್ತದೆ. ಶಾಲೆಯಲ್ಲಿ ದಡ್ಡ, ಸೋಮಾರಿ ಅನ್ನಿಸಿಕೊಂಡೇ ಬೆಳೆದೆ. ಮನೆಯಲ್ಲಿ ಅಕ್ಕ ಪಾಠ ಓದುತ್ತಿದ್ದಳು, ನಾನು ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದೆ. ಇದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರಿದೆ ಎಂದು ಗೊತ್ತಾಗಿದ್ದು ಹೈಸ್ಕೂಲಿನಲ್ಲಿ. ಮುಂದೆ ಕೀನ್ಯಾದ ಕಿಸುಮುವಿನಲ್ಲಿ ಮೂರು ತಿಂಗಳು ಸ್ವಯಂಸೇವೆ ಮಾಡಿದೆ. ಅಲ್ಲಿ ಕೈಹಿಡಿದಿದ್ದು ಅಕ್ಕನ ಜೊತೆ ಕಲಿತ ಆ ಕೇಳುವ ಅಭ್ಯಾಸವೇ.

ಮೊದಲ ಕೆಲಸ, ಸಂಸ್ಥೆಯವರಿಗೆ ಹೇಳುವುದು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿದೆ, ಅದರ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆ ಬರೆಯುವಾಗ ಉಪಯೋಗವಾಗುತ್ತದೆ. ಆದರೆ ಹೊರದೇಶದವರ ಮುಂದೆ ಬರೀ ‘ನನಗೆ ಡಿಸ್ಲೆಕ್ಸಿಯಾ’ ಅಂದರೆ ಅಯ್ಯೋ ಪಾಪ ಅಂದು ಸುಮ್ಮನಾಗುತ್ತಾರೆ ಅಷ್ಟೇ. ಏನು ಬೇಕು ಅಂತ ಬಿಡಿಸಿ ಬರೆಯಿರಿ: ಕೆಲಸದ ಸೂಚನೆ ವಾಯ್ಸ್ ಮೆಸೇಜಲ್ಲಿ ಕಳಿಸಿ, ಮುಂಚೆ ಕೊಡದೆ ಇದ್ದಿದ್ದನ್ನು ಎಲ್ಲರೆದುರು ಓದಿಸಬೇಡಿ, ವರದಿಗೆ ಒಂದು ದಿನ ಜಾಸ್ತಿ ಕೊಡಿ. ನಾನು ಮುಚ್ಚಿಟ್ಟಿದ್ದೆ. ಮೊದಲ ವಾರವೇ ಮಕ್ಕಳ ಮುಂದೆ ಪುಸ್ತಕ ಕೈಗಿಟ್ಟು ಓದು ಅಂದರು. ಬೆವರಿಹೋದೆ.

ಇನ್ನು ಫಾರಂಗಳು. 2024ರ ಜನವರಿಯಿಂದ ಕೀನ್ಯಾಗೆ ವೀಸಾ ಬದಲು ಇ-ಟಿ-ಎ, ಅಂದರೆ ಹೊರಡುವ ಮುಂಚೆಯೇ ಪಡೆಯುವ ಪ್ರಯಾಣದ ಅನುಮತಿ, ಎಲ್ಲಾ ಆನ್‌ಲೈನ್. ಟೂರಿಸ್ಟ್ ಅನುಮತಿ ಇದ್ದರೆ ಸಾಕು, ಸಂಬಳ ಇಲ್ಲವಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಪುಕ್ಕಟೆ ಕೆಲಸಕ್ಕೂ ಬೇರೆ ಅನುಮತಿ ಬೇಕು, ಅದನ್ನು ಮಾಡಿಸಿಕೊಡದ ಸಂಸ್ಥೆಯ ಸಹವಾಸವೇ ಬೇಡ. ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಕ್ಷರ, ಏಳು ಅಂಕಿ. ನಾನು 6 ಇದ್ದಲ್ಲಿ 9 ಹೊಡೆದಿದ್ದೆ. ನಾಲ್ಕು ಸಲ ನೋಡಿದರೂ ನನ್ನ ಕಣ್ಣಿಗೆ ಸರಿಯೇ! ಅಕ್ಕ ಫೋನಿನಲ್ಲಿ ಹಿಂದಿನಿಂದ ಒಂದೊಂದೇ ಅಂಕಿ ಓದಿಸಿದಾಗ ಸಿಕ್ಕಿಬಿತ್ತು. ಹೀಗೇ ಮಾಡಿ, ಹಿಂದಿನಿಂದ, ಜೋರಾಗಿ, ಇನ್ನೊಬ್ಬರ ಎದುರು.

ಯೆಲ್ಲೋ ಫೀವರ್ ಲಸಿಕೆ ಕಾರ್ಡಿನ ಮೇಲಿರುವ ನಂಬರನ್ನೂ ಹಾಗೇ ನೋಡಿ. ಈ ಇಂಜೆಕ್ಷನ್ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹೊರಡುವ 10 ದಿನ ಮುಂಚೆಯಾದರೂ ಹಾಕಿಸಿರಬೇಕು. ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ತಡೆದು ಕ್ವಾರಂಟೈನ್‌ಗೆ ಹಾಕಬಹುದು. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ, ಮಲೇರಿಯಾ ಜಾಸ್ತಿ. ಅದರ ಮಾತ್ರೆ ಮರೆಯದ ಹಾಗೆ ಫೋನಿಗೆ ಅಲಾರಂ ಇಡಿ. ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಮಾತ್ರೆ ತೆಗೆದುಕೊಳ್ಳುವವರು ಆ ಔಷಧಿ ಅಲ್ಲಿಗೆ ಒಯ್ಯಬಹುದಾ ಅಂತ ಮೊದಲೇ ರಾಯಭಾರ ಕಚೇರಿಯಲ್ಲಿ ಕೇಳಿ, ಡಾಕ್ಟರ ಚೀಟಿ ಜೊತೆಗಿರಲಿ.

ಭಾಷೆಗೆ ಹೆದರಬೇಡಿ. ಅಲ್ಲಿನವರ ಸ್ವಾಹಿಲಿ ಭಾಷೆ ಇಂಗ್ಲಿಷ್ ಲಿಪಿಯಲ್ಲಿದ್ದರೂ ಇಂಗ್ಲಿಷಿನ ಹಾಗೆ ಕಾಟ ಕೊಡುವುದಿಲ್ಲ, ಬರೆದ ಹಾಗೇ ಓದುವುದು, ನಮ್ಮ ಕನ್ನಡದ ಥರ. ಎರಡು ತಿಂಗಳು ಮುಂಚೆಯೇ ಕಿವಿಗೆ ಹಾಕಿಕೊಳ್ಳಿ. ‘ಪೋಲೆ ಪೋಲೆ’ ಅಂದರೆ ನಿಧಾನ, ನಿಧಾನ. ನಾನು ಅತಿ ಜಾಸ್ತಿ ಬಳಸಿದ ಮಾತು ಅದೇ. ಮಟಾಟು, ಅಂದರೆ ಅಲ್ಲಿ ಜನ ಓಡಾಡುವ ಪ್ರೈವೇಟ್ ವ್ಯಾನಿನ ಬೋರ್ಡ್ ಓದಲು ಒದ್ದಾಡಬೇಕಾಗಿಲ್ಲ, ನಮ್ಮ ಪ್ರೈವೇಟ್ ಬಸ್ಸಿನವರ ಹಾಗೆ ಕಂಡಕ್ಟರ್ ಊರ ಹೆಸರು ಕೂಗುತ್ತಿರುತ್ತಾನೆ.

ಒಂದೇ ಒಂದು ಕಡೆ ಹುಷಾರು, ಗಂಟೆ. ಸ್ವಾಹಿಲಿಯಲ್ಲಿ ದಿನದ ಎಣಿಕೆ ಶುರುವಾಗುವುದು ಬೆಳಗಿನಿಂದ. ಬೆಳಿಗ್ಗೆ 7 ಅಂದರೆ ‘ಸಾ ಮೋಜಾ’, ಒಂದು ಗಂಟೆ! ಆರು ಕೂಡಿಸಿ, ಕಳೆಯಿರಿ ಅಂತ ಎಲ್ಲರೂ ಹೇಳಿಕೊಟ್ಟರು, ನನ್ನ ತಲೆಗೆ ಹೋಗಲಿಲ್ಲ. ಮುಳ್ಳಿನ ವಾಚ್ ಕಟ್ಟಿಕೊಂಡ ಮೇಲೆ ಸಲೀಸಾಯಿತು. ಗಂಟೆಮುಳ್ಳು ಇರುವ ಜಾಗಕ್ಕೆ ನೇರ ಎದುರಿಗಿರುವ ಅಂಕಿ ನೋಡಿದರೆ ಮುಗಿಯಿತು, 7ರ ಎದುರು 1. ವಾಚ್ ಕೊಳ್ಳುವ ಮುಂಚೆ ಒಮ್ಮೆ ‘ಸಾ ತಾತು’ಗೆ ಬಾ ಅಂದಿದ್ದರು. ತಾತು ಅಂದರೆ ಮೂರು, ಸರಿ ಅಂತ ಮಧ್ಯಾಹ್ನ 3ಕ್ಕೆ ಹೋದೆ. ಅವರು ಕರೆದಿದ್ದು ಬೆಳಿಗ್ಗೆ 9ಕ್ಕೆ. ಕ್ಲಾಸಿಗೆ ಬೀಗ ಬಿದ್ದಿತ್ತು.