ಬಣ್ಣ ಆಮೇಲೆ, ಮೊದಲು ಬಾನೆಟ್ ಕೂರಿಸಿ

ಫೈಬರ್ ಬಾನೆಟ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಅದನ್ನು ಪೇಂಟರ್ ಹತ್ತಿರ ಕಳಿಸುತ್ತಾರೆ. ಆಮೇಲೆ ಕಾರಿಗೆ ಕೂರಿಸಲು ಹೋದರೆ ಒಂದು ಮೂಲೆ ಮೇಲೆದ್ದಿರುತ್ತದೆ, ಇನ್ನೊಂದು ಫೆಂಡರಿಗೆ (ಮುಂದಿನ ಗಾಲಿಯ ಮೇಲಿನ ತಗಡಿಗೆ) ತಾಗುತ್ತದೆ. ಅಂಚು ಉಜ್ಜಿದರೆ ಹೊಸ ಬಣ್ಣ ಹಾಳು. ಬೆಳಗಾವಿಯ ಗ್ಯಾರೇಜುಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಗಾಜಿನ ಎಳೆಗಳನ್ನು ರೆಸಿನ್ (ಗಟ್ಟಿಯಾಗುವ ಅಂಟು) ಜೊತೆ ಅಚ್ಚಿನಲ್ಲಿ ಕೈಯಿಂದ ಪದರ ಪದರವಾಗಿ ಹಾಕಿ ಮಾಡಿದ ವಸ್ತು ಇದು. ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತದೆ ಎಂದುಕೊಂಡೇ ಕೆಲಸ ಶುರು ಮಾಡಿ.

ಫೈಬರ್ ಎಂದರೆ ಕಳಪೆ ಮಾಲು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಶೆವ್ರೊಲೆ ಕಾರ್ವೆಟ್ 1953ರಲ್ಲಿ ಬಂದಾಗಲೇ ಅದರ ಮೈ ಫೈಬರಿನದಾಗಿತ್ತು. ಪಕ್ಕದ ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಕಾರು ಕೂಡ ಹಾಗೆಯೇ. ಚೆನ್ನಾಗಿ ಮಾಡಿದ ಫೈಬರ್ ಬಾನೆಟ್ ತೂಕ ಉಕ್ಕಿನದರ ಸುಮಾರು ಅರ್ಧ. ಮುಂದಿನ ಗಾಲಿಗಳ ಮೇಲಿನ ಭಾರ ಅಷ್ಟು ಇಳಿಯುತ್ತದೆ.

ಕೊಳ್ಳುವಾಗ ಮೇಲಿನ ಹೊಳಪು ನೋಡಬೇಡಿ, ತಿರುಗಿಸಿ ಹಾಕಿ ಕೆಳಗಡೆ ನೋಡಿ. ಒಳಗೆ ಚೌಕಟ್ಟು ಇರಬೇಕು. ಬರೀ ಒಂದೇ ಪದರದ್ದು ರೇಸ್ ಟ್ರ್ಯಾಕಿಗೆ ಸರಿ, ರಸ್ತೆಗೆ ಬೇಡವೇ ಬೇಡ. ಹಿಂಜ್ ಮತ್ತು ಲಾಕ್ ಕೂರುವ ಜಾಗದಲ್ಲಿ ಲೋಹದ ಪ್ಲೇಟ್ ಹುದುಗಿಸಿರಬೇಕು. ಅಂಚಿನಲ್ಲಿ ಗಾಳಿಗುಳ್ಳೆ ಕಂಡರೆ ಬಿಟ್ಟುಬಿಡಿ. ಮೂಗಿಗೆ ಬಡಿಯುವ ಘಾಟು ಇನ್ನೂ ಇದ್ದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ ಎಂದೇ ಅರ್ಥ. ಮೇಲೊಂದು ಪದರ ಕಾರ್ಬನ್ ಎಳೆಯ ಬಟ್ಟೆ ಹಾಕಿ, ಒಳಗೆಲ್ಲ ಫೈಬರ್ ತುಂಬಿ, ಕಾರ್ಬನ್ ಬೆಲೆಗೆ ಮಾರುವುದೂ ಉಂಟು. ಬಾಯಿ ತೆರೆದ ದೊಡ್ಡ ಸ್ಕೂಪ್ (ಗಾಳಿ ಒಳಗೆ ಬಿಡುವ ಉಬ್ಬು) ಇರುವುದನ್ನೂ ನಾನು ಬೇಡ ಎನ್ನುತ್ತೇನೆ. ನಮ್ಮೂರಿನ ಜುಲೈ ಮಳೆಯಲ್ಲಿ ನೀರು ನೇರ ಎಂಜಿನ್ ಮೇಲೆ ಬೀಳುತ್ತದೆ.

ಈಗ ಕೂರಿಸುವ ಕೆಲಸ. ಇಬ್ಬರು ಬೇಕು. ಹಳೆಯ ಹಿಂಜ್ ಸುತ್ತ ಮಾರ್ಕರಿನಿಂದ ಗೆರೆ ಎಳೆದು, ಫೆಂಡರ್ ಮೇಲೆ ದಪ್ಪ ಬಟ್ಟೆ ಹಾಸಿ, ಹಳೆ ಬಾನೆಟ್ ಇಳಿಸಿ. ಬಾನೆಟ್ ಎತ್ತಿ ಹಿಡಿಯುವ ಗ್ಯಾಸ್ ತುಂಬಿದ ಕೊಳವೆ, ಅಂದರೆ ಗ್ಯಾಸ್ ಸ್ಟ್ರಟ್ ಇದ್ದರೆ ತೆಗೆದುಬಿಡಿ. ಅದರ ಒತ್ತಡ ಉಕ್ಕಿನ ಭಾರಕ್ಕೆ ಲೆಕ್ಕ ಹಾಕಿದ್ದು, ಹಗುರ ಬಾನೆಟನ್ನು ಮುಚ್ಚುವಾಗ ಬಗ್ಗಿಸಿ ಸೀಳುತ್ತದೆ. ಸಾದಾ ಕಡ್ಡಿ ಊರುಗೋಲು ಸಾಕು.

ಲಾಕಿನ ಕೊಕ್ಕೆಯನ್ನು ಸದ್ಯಕ್ಕೆ ಬಿಚ್ಚಿಡಿ. ಹಿಂಜ್ ಬೋಲ್ಟುಗಳನ್ನು ಕೈಯಲ್ಲಿ ತಿರುಗುವಷ್ಟೇ ಬಿಗಿ ಮಾಡಿ ನಿಧಾನ ಇಳಿಸಿ. ಮೊದಲು ಗಾಜಿನ ಕಡೆಯ ಸಂದು, ಆಮೇಲೆ ಎರಡೂ ಪಕ್ಕದ್ದು, ಕೊನೆಗೆ ಎತ್ತರ. ಈ ಕ್ರಮ ತಪ್ಪಿಸಬೇಡಿ. ಪಕ್ಕದ ಸಂದು ನಾಲ್ಕೈದು ಮಿಲಿಮೀಟರ್ ಇರಲಿ, ಎರಡೂ ಕಡೆ ಒಂದೇ ಸಮ ಇರಲಿ. ಎತ್ತರವನ್ನು ಮೂಲೆಯಲ್ಲಿ ಬಾನೆಟ್ ಕೂರುವ ರಬ್ಬರ್ ಬುಶ್ ತಿರುಗಿಸಿ ಹೊಂದಿಸಬೇಕು. ಆದರೂ ತಾಗುತ್ತಿದ್ದರೆ ಆ ಜಾಗಕ್ಕೆ ಮಾತ್ರ 120 ನಂಬರಿನ ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ, ನೀರು ಹಚ್ಚಿ ಉಜ್ಜಿ. "ಒಂದ್ ಏಟು ಹಾಕಿದ್ರ ಕೂಡತೈತ್ರಿ" ಎನ್ನುವ ಮೇಸ್ತ್ರಿ ಸಿಕ್ಕರೆ ಕೈ ಹಿಡಿದು ನಿಲ್ಲಿಸಿ. ಏಟಿಗೆ ಉಕ್ಕು ಬಗ್ಗುತ್ತದೆ, ಫೈಬರ್ ಒಳಗೊಳಗೇ ಸೀಳುತ್ತದೆ. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಉಜ್ಜಲು ಕೂರಬೇಡಿ. ಗಾಜಿನ ಪುಡಿ ಅದು, ಶ್ವಾಸಕೋಶಕ್ಕೆ ಹೋಗುತ್ತದೆ.

ಸಂದು ಸರಿಯಾದ ಮೇಲೆ ಲಾಕ್ ಹಾಕಿ. ಅದರ ಜೊತೆಗೆ ಮುಂದಿನ ಎರಡೂ ಮೂಲೆಗೆ ಬಾನೆಟ್ ಪಿನ್ (ಕಾರಿನ ಪಟ್ಟಿಯಿಂದ ಎದ್ದು ಬಾನೆಟ್ಟಿನ ತೂತಿನಲ್ಲಿ ಹೊರಬರುವ, ಮೇಲೆ ಕ್ಲಿಪ್ ಹಾಕಿ ಬಿಗಿಯುವ ಕಂಬ) ಬೇಕೇ ಬೇಕು. ವೇಗದಲ್ಲಿ ಗಾಳಿ ಅಡಿಗೆ ನುಗ್ಗಿ ಲಾಕ್ ಬಿಟ್ಟರೆ ಬಾನೆಟ್ ಗಾಜಿಗೆ ಬಡಿಯುತ್ತದೆ, ಮುಂದೆ ಏನೂ ಕಾಣುವುದಿಲ್ಲ. ಅಂಟಿಸುವ ಅಲಂಕಾರದ ಪಿನ್ ಮಾರುತ್ತಾರೆ, ಅದಕ್ಕೆ ದುಡ್ಡು ಸುರಿಯಬೇಡಿ.

ಪಿನ್ ತೂತು ಕೊರೆಯುವಾಗಲೇ ಜಾಸ್ತಿ ಜನ ಎಡವುವುದು. ಟೇಪು ಹಿಡಿದು ಅಳತೆ ಮಾಡುವ ಗೊಡವೆ ಬೇಡ. ರೇಡಿಯೇಟರ್ ಮೇಲಿನ ಪಟ್ಟಿಗೆ ಪಿನ್ ಕಂಬ ಬಿಗಿದು, ತುದಿಗೆ ಒದ್ದೆ ಕುಂಕುಮ ಹಚ್ಚಿ, ಬಾನೆಟನ್ನು ಮೆಲ್ಲಗೆ ಇಳಿಸಿ. ಒಳಗೆ ಕೆಂಪು ಬೊಟ್ಟು ಬಿದ್ದ ಕಡೆ 3 ಮಿಲಿಮೀಟರ್ ಬಿಟ್‌ನಿಂದ ಕೆಳಗಿನಿಂದ ತೂತು ಹಾಕಿ. ಮೇಲ್ಗಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಲ್ಲಿಂದ ಹಂತ ಹಂತವಾಗಿ ದೊಡ್ಡ ಮಾಡಿ. ಡ್ರಿಲ್ ಹ್ಯಾಮರ್ ಮೋಡಿನಲ್ಲಿ ಇರಲೇಬಾರದು. ತೂತಿನ ಒಳ ಅಂಚಿಗೆ ರೆಸಿನ್ ಸವರಿ, ಇಲ್ಲದಿದ್ದರೆ ಎಳೆಗಳು ನೀರು ಹೀರುತ್ತವೆ. ಅಡಿಗೆ ಅಂಗೈ ಅಗಲದ ಅಲ್ಯೂಮಿನಿಯಂ ಪ್ಲೇಟ್ ಕೊಡಿ. ಬೆಳಗಾವಿಯ ಉದ್ಯಮಬಾಗದಲ್ಲಿ ವರ್ಕ್‌ಶಾಪುಗಳಿಗೆ ಬರವಿಲ್ಲ, ಅಳತೆ ಕೊಟ್ಟು ಮಾಡಿಸಿಕೊಳ್ಳಿ.

ಈಗ ಎಲ್ಲ ಬಿಚ್ಚಿ ಬಣ್ಣಕ್ಕೆ ಕೊಡಿ. ಅಚ್ಚಿನಿಂದ ಅಂಟಿಕೊಂಡು ಬಂದ ಮೇಣ ತೊಳೆದು, 320 ಪೇಪರ್ ಹೊಡೆದು, ಎಪಾಕ್ಸಿ ಪ್ರೈಮರ್ ಹಾಕಿದ ಮೇಲೆಯೇ ಬಣ್ಣ.

ಹಳೆ ಬಾನೆಟ್ ಗುಜರಿಗೆ ಹಾಕಬೇಡಿ, ಮತ್ತೆ ಅದನ್ನೇ ಕೂರಿಸಬೇಕಾಗಿ ಬರಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ಎಷ್ಟೋ ಕಾರುಗಳ ಉಕ್ಕಿನ ಬಾನೆಟ್ ಅಪಘಾತದಲ್ಲಿ ನಡುವೆ ಮಡಚಿಕೊಳ್ಳುವಂತೆ ಮಾಡಿದ್ದಿರುತ್ತದೆ. ಫೈಬರ್ ಹಾಗೆ ಮಡಚುವುದಿಲ್ಲ, ಒಡೆಯುತ್ತದೆ. ಇದನ್ನು ತಿಳಿದೇ ಹಾಕಿಸಿ.

ಮೊದಲ ಸಲ ಧಾರವಾಡದ ಕಡೆ ಹೊರಟರೆ ಕಿತ್ತೂರಿನ ಹತ್ತಿರ ನಿಲ್ಲಿಸಿ ಹಿಂಜ್ ಬೋಲ್ಟ್, ಪಿನ್ ಎರಡನ್ನೂ ಮುಟ್ಟಿ ನೋಡಿ. ದಾರಿಯಲ್ಲಿ ಬಾನೆಟ್ಟಿನ ಅಂಚು ನಡುಗುವುದು ಕಂಡಿದ್ದರೆ ರಬ್ಬರ್ ಬುಶ್ಶನ್ನು ಒಂದು ಸುತ್ತು ಮೇಲೆತ್ತಿ.