ಕೊಡಗಿನಲ್ಲಿ ಕೂತು ಅಮೆರಿಕದ ಕಾಲೇಜ್ ಫುಟ್‌ಬಾಲ್ ಸೀಸನ್ ನೋಡುವುದು ಹೇಗೆ?

ಮೊದಲು ಒಂದೇ ಒಂದು ಟೀಮ್ ಹಿಡಿಯಿರಿ. ಆಗಸ್ಟ್ ಕೊನೆಯಿಂದ ಜನವರಿವರೆಗೆ ಅದರ ಬೆನ್ನು ಬಿಡಬೇಡಿ. ಅಲ್ಲಿ ಮೇಲಿನ ದರ್ಜೆಯಲ್ಲೇ 130ಕ್ಕೂ ಜಾಸ್ತಿ ಕಾಲೇಜ್ ಟೀಮುಗಳಿವೆ, ಶನಿವಾರ ಬಂತು ಅಂದರೆ ಹತ್ತಾರು ಮ್ಯಾಚ್, ಸುಮ್ನೆ ಎಲ್ಲವನ್ನೂ ಚೂರು ಚೂರು ನೋಡುತ್ತಾ ಹೋದರೆ ಯಾವುದೂ ತಲೆಗೆ ಹತ್ತುವುದಿಲ್ಲ. ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಓದುತ್ತಿದ್ದಾರೆ ಅಲ್ವಾ? ನಿಮ್ಮ ಅಕ್ಕನ ಮಗನೋ ಪಕ್ಕದ ಮನೆಯ ಹುಡುಗಿಯೋ ಯಾವ ಕಾಲೇಜಿನಲ್ಲಿದ್ದಾರೋ ಅದೇ ನಿಮ್ಮ ಟೀಮ್. ಯಾರೂ ಇಲ್ಲ ಅಂದರೆ ಒಹಾಯೊ ಸ್ಟೇಟ್ ಹಿಡಿಯಿರಿ. ಇಲ್ಲಿ ನಾನು ಅವರ 2024ರ ಸೀಸನ್ನನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಸೀಸನ್ ಸಿಗುವುದು ಕಷ್ಟ.

ಆಟ ಅರ್ಥವಾಗಲ್ಲ ಅಂತ ಹೆದರಬೇಡಿ. ಹಾಕಿ ಆಡಿ ಬೆಳೆದವರಿಗೆ ಮೈದಾನದ ಅಳತೆ ಆಗಲೇ ಕಣ್ಣಲ್ಲಿದೆ. ಹಾಕಿ ಮೈದಾನದ ಉದ್ದ 91.4 ಮೀಟರ್, ಅಂದರೆ 100 ಗಜ. ಇಲ್ಲೂ ಗೋಲ್ ಗೆರೆಯಿಂದ ಗೋಲ್ ಗೆರೆಗೆ ಅಷ್ಟೇ. ಅದರಾಚೆ ಎರಡೂ ತುದಿಗೆ 10 ಗಜದ ಎಂಡ್ ಝೋನ್ ಇದೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ ಎಸೆದೋ ಅಲ್ಲಿಗೆ ಮುಟ್ಟಿಸಿದರೆ ಟಚ್‌ಡೌನ್, 6 ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಚೆಂಡು ಇರುವ ಟೀಮಿಗೆ ನಾಲ್ಕು ಅವಕಾಶ, ಒಂದೊಂದನ್ನೂ ಡೌನ್ ಅನ್ನುತ್ತಾರೆ. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ನಾಲ್ಕನೇ ಡೌನ್ ಬಂದಾಗ ಬಹಳ ಸಲ ಚೆಂಡನ್ನು ದೂರ ಒದ್ದು ಕಳಿಸುತ್ತಾರೆ, ಕಂಬ ಹತ್ತಿರವಿದ್ದರೆ ಫೀಲ್ಡ್ ಗೋಲ್ ಒದ್ದು 3 ಪಾಯಿಂಟ್ ತೆಗೆದುಕೊಳ್ಳುತ್ತಾರೆ. ಸ್ಕ್ರೀನಿನ ಮೂಲೆಯಲ್ಲಿ ‘3 ಮತ್ತು 11’ ಅಂತ ಕಂಡರೆ ಮೂರನೇ ಡೌನ್, ಇನ್ನೂ 11 ಗಜ ಬೇಕು ಅಂತ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ನೋಡುತ್ತಾ ಬರುತ್ತದೆ. ಗಡಿಯಾರದಲ್ಲಿ ಆಟ 60 ನಿಮಿಷ, ಆದರೆ ಮುಗಿಯಲು ಸುಮಾರು ಮೂರೂವರೆ ಗಂಟೆ ಬೇಕು. ಅದಕ್ಕೆ ಮನಸ್ಸು ಮಾಡಿಕೊಂಡೇ ಕೂತುಕೊಳ್ಳಿ.

ಈಗ ಸಮಯದ ಲೆಕ್ಕ. ಜನ ಎಡವುವುದು ಇಲ್ಲೇ. ಅಮೆರಿಕದ ಪೂರ್ವ ಭಾಗದ ಸಮಯಕ್ಕೆ ಒಂಬತ್ತೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ಅಲ್ಲಿ ಶನಿವಾರ ಮಧ್ಯಾಹ್ನ 12ರ ಮ್ಯಾಚ್ ನಮಗೆ ರಾತ್ರಿ 9.30ಕ್ಕೆ, 3.30ರದ್ದು ನಡುರಾತ್ರಿ 1ಕ್ಕೆ, ಸಂಜೆ 7.30ರದ್ದು ಭಾನುವಾರ ಬೆಳಗ್ಗೆ 5ಕ್ಕೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಹತ್ತೂವರೆ ಗಂಟೆ ಸೇರಿಸಬೇಕು. ನಡುರಾತ್ರಿಯ ಮ್ಯಾಚ್ ಬಿಟ್ಟುಬಿಡಿ, ಬೆಳಗ್ಗೆ ಎದ್ದು ಯೂಟ್ಯೂಬ್‌ನಲ್ಲಿ ಹೈಲೈಟ್ಸ್ ನೋಡಿ. ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಸೀಸನ್ ಶುರುವಾಗಿರುತ್ತದೆ, ನಮ್ಮಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಅಂಥ ದಿನ ವಿಡಿಯೊಗೆ ಒದ್ದಾಡುವ ಬದಲು ಇಎಸ್‌ಪಿಎನ್ ಸೈಟಿನಲ್ಲಿ ಪ್ರತಿ ಡೌನಿನ ವಿವರ ಅಕ್ಷರದಲ್ಲೇ ಬರುತ್ತದೆ, ಅದನ್ನು ಓದುತ್ತಾ ಹೋಗಿ. ಆಟ ಬೇಗ ಕಲಿಯುವುದಕ್ಕೂ ಅದೇ ಒಳ್ಳೆಯ ದಾರಿ ಅಂತ ನನಗನ್ನಿಸುತ್ತದೆ.

ಇನ್ನು ಸೀಸನ್ ನಡೆಯುವ ಕ್ರಮ. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ನಮ್ಮ ಕೌಟುಂಬಿಕ ಹಾಕಿಯಲ್ಲಿ ಸೋತವರು ಮನೆಗೆ. ಕಾಲೇಜ್ ಫುಟ್‌ಬಾಲ್ ಹಾಗಲ್ಲ. ಪ್ರತಿ ಟೀಮೂ 12 ಮ್ಯಾಚ್ ಆಡುತ್ತದೆ, ಅದರಲ್ಲಿ ಹೆಚ್ಚಿನವು ತನ್ನದೇ ಕಾನ್ಫರೆನ್ಸಿನ, ಅಂದರೆ ತನ್ನ ಗುಂಪಿನ ಟೀಮುಗಳ ಜೊತೆ. ನವೆಂಬರ್‌ನಿಂದ ಒಂದು ಆಯ್ಕೆ ಸಮಿತಿ ವಾರವಾರ ರ‍್ಯಾಂಕಿಂಗ್ ಕೊಡುತ್ತದೆ. ಯಾರ ಎದುರು ಗೆದ್ದಿರಿ, ಯಾರ ಎದುರು ಸೋತಿರಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಪ್ಲೇಆಫ್‌ಗೆ, ಅಂದರೆ ಸೋತವರು ಮನೆಗೆ ಹೋಗುವ ಕೊನೆಯ ಸುತ್ತುಗಳಿಗೆ, ಹೋಗುವುದು 12 ಟೀಮ್. 2023ರವರೆಗೆ ನಾಲ್ಕೇ ಇತ್ತು. ಹಾಗಾಗಿ ಸೀಸನ್ ಶುರುವಿನಲ್ಲೇ ನಿಮ್ಮ ಟೀಮಿನ ವೇಳಾಪಟ್ಟಿ ತೆಗೆದು, ಗಟ್ಟಿ ಎದುರಾಳಿ ಇರುವ ಮೂರ್ನಾಲ್ಕು ಶನಿವಾರಗಳಿಗೆ ಗುರುತು ಹಾಕಿ. ಪುಸುಕ್ಕನೆ ಗೆಲ್ಲುವ ಮ್ಯಾಚಿಗೆ ನಿದ್ದೆ ಕೆಡಬೇಡಿ.

ಈಗ ಆ 2024ರ ಸೀಸನ್ ನೋಡಿ. ಒಹಾಯೊ ಸ್ಟೇಟ್ ಅಕ್ಟೋಬರ್ 12ರಂದು ಆರೆಗನ್ ಎದುರು 32-31ರಿಂದ, ಒಂದೇ ಪಾಯಿಂಟಿನಲ್ಲಿ ಸೋತಿತು. ನವೆಂಬರ್ 30ಕ್ಕೆ, ನಮ್ಮಲ್ಲಿ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬರುವಾಗ, ತನ್ನದೇ ಮೈದಾನದಲ್ಲಿ ಮಿಶಿಗನ್ ಎದುರು 13-10. ಮಿಶಿಗನ್ ಆಗ ರ‍್ಯಾಂಕಿಂಗಿನಲ್ಲೇ ಇರಲಿಲ್ಲ. ಈ ಎರಡು ಕಾಲೇಜುಗಳ ಹಗೆ ಹಳೆಯದು, ಅದು ಸತತ ನಾಲ್ಕನೇ ಸೋಲು, ಕೋಚ್ ರಯಾನ್ ಡೇ ಅವರನ್ನು ತೆಗೆಯಿರಿ ಅಂತ ಜನ ಕೂಗಿದರು. ಹೊಸಬರು ಇಂಥ ಜಾಗದಲ್ಲೇ ಕೈಬಿಡುತ್ತಾರೆ. ಬಿಡಬೇಡಿ. 8ನೇ ಸ್ಥಾನದಲ್ಲಿ ಪ್ಲೇಆಫ್ ಸೇರಿದ ಅದೇ ಟೀಮ್ ಟೆನೆಸಿಯನ್ನು 42-17ರಿಂದ ಹೊಡೆಯಿತು. ಜನವರಿ 1ರಂದು ಅದುವರೆಗೂ ಸೋಲದ ಆರೆಗನ್‌ಗೆ 41-21ರಿಂದ ಸಾಲ ತೀರಿಸಿತು. ಆಮೇಲೆ ಟೆಕ್ಸಾಸನ್ನೂ ಸೋಲಿಸಿ ಫೈನಲ್ ಸೇರಿತು. ಅಕ್ಟೋಬರ್‌ನ ಆ ಸೋಲು ನೋಡಿದವರಿಗೆ ಜನವರಿಯ ಗೆಲುವು ಎಷ್ಟು ಸಿಹಿ ಆಗಿರಬೇಡ!

ಫೈನಲ್ ನಡೆಯುವುದು ಅಲ್ಲಿ ಸೋಮವಾರ ರಾತ್ರಿ, ನಮಗೆ ಮಂಗಳವಾರ ಬೆಳಗ್ಗೆ 6ಕ್ಕೆ. ಕಾಫಿ ಕುಯ್ಯುವ ಕಾಲ, ತೋಟಕ್ಕೆ ಆಳುಗಳು ಬರುವ ಹೊತ್ತು. ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ, ತೋಟಕ್ಕೆ ಹೋಗಲೇಬೇಕಿದ್ದರೆ ಫೋನ್ ಚಾರ್ಜ್ ಮಾಡಿಕೊಂಡು ಹೋಗಿ, ಏನೇ ಆಗಲಿ ಕೊನೆಯ ಕ್ವಾರ್ಟರ್ ತಪ್ಪಿಸಬೇಡಿ. ಆ ವರ್ಷ ನೊಟ್ರ ಡೇಮ್ ಎದುರು ಒಹಾಯೊ ಸ್ಟೇಟ್ 31-7ರಿಂದ ಮುಂದಿತ್ತು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ 31-23 ಆಗಿತ್ತು. ಇನ್ನೂ ಕೆಲವೇ ನಿಮಿಷ ಬಾಕಿ, ಮೂರನೇ ಡೌನ್, 11 ಗಜ ಬೇಕು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ವಿಲ್ ಹವರ್ಡ್ ಉದ್ದಕ್ಕೆ ಎಸೆದ, ಮೊದಲ ವರ್ಷದ ಹುಡುಗ ಜೆರಮಾಯ ಸ್ಮಿತ್ ಹಿಡಿದ, 56 ಗಜ. ಆಮೇಲೆ ಒಂದು ಫೀಲ್ಡ್ ಗೋಲ್, 34-23.