ಬೇಸಿಗೆಯ ಉಜನಿಯಲ್ಲಿ ಕೊರವ ಮೀನಿಗೆ ಗಾಳ ಹಾಕುವ ಬಗೆ

ಪುಣೆಯಲ್ಲಿ ಗಾಳ ಹಿಡಿಯುವ ನನ್ನ ಗೆಳೆಯರಲ್ಲಿ ಹೆಚ್ಚಿನವರು ಏಪ್ರಿಲ್ ಬಂತೆಂದರೆ ರಾಡನ್ನು ಅಟ್ಟಕ್ಕೆ ಹಾಕುತ್ತಾರೆ. ಬಿಸಿಲಿಗೆ ಮೀನು ಬಾಯಿ ಹಾಕಲ್ಲ ಅನ್ನುವುದು ಅವರ ಮಾತು. ಕಟ್ಲಾ, ರೋಹು ಮಟ್ಟಿಗೆ ಅದು ಸ್ವಲ್ಪ ನಿಜ. ಕೊರವದ ಮಟ್ಟಿಗೆ ಪೂರ್ತಿ ತಪ್ಪು. ಏಪ್ರಿಲ್, ಮೇ ತಿಂಗಳೇ ಅದಕ್ಕೆ ಒಳ್ಳೆಯ ಕಾಲ. ಇಲ್ಲಿಯವರು ಮರಳ್ ಎಂದು ಕರೆಯುವ ಈ ಮೀನಿಗಾಗಿ ನಾನು ಹಡಪ್ಸರದಿಂದ ನಸುಕಿನ ಮೂರೂವರೆಗೆ ಗಾಡಿ ತೆಗೆಯುತ್ತೇನೆ. ಸೋಲಾಪುರ ರಸ್ತೆಯಲ್ಲಿ ಭಿಗವಣ ನೂರು ಕಿಲೋಮೀಟರಿನ ಆಸುಪಾಸು. ಬೆಳಕು ಹರಿಯುವ ಮೊದಲು ದಡದಲ್ಲಿರಬೇಕು.

ಭಿಗವಣ ದಾಟಿದ ಮೇಲೆ ಎಡಗಡೆ ಕಾಣುವ ಆ ನೀರೆಲ್ಲ ಉಜನಿ ಅಣೆಕಟ್ಟಿನ ಹಿನ್ನೀರು. 1980ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. ನದಿ ನಮ್ಮ ಭೀಮೆ. ನಾನು ಅಫಜಲಪುರ ತಾಲ್ಲೂಕಿನವನು, ಇದೇ ಹೊಳೆಯಲ್ಲಿ ಬಿದಿರುಕೋಲು ಹಿಡಿದು ಬೆಳೆದವನು. ಹಾಗಾಗಿ ಈ ನೀರಿನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಈಗಿನ ಹುಡುಗರು ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿ ಕಲಿಯುತ್ತಾರೆ. ರಾಡು, ರೀಲು, ಮೀನನ್ನು ಮರುಳು ಮಾಡಲು ಗಾಳಕ್ಕೆ ಕಟ್ಟುವ ರಬ್ಬರ್ ಕಪ್ಪೆ, ಎಸೆಯುವ ರೀತಿ, ಇವನ್ನೆಲ್ಲ ಅಲ್ಲಿಂದ ಕಲಿಯಬಹುದು. ಬಾಸ್ ಕೂಡ ಕೊರವದ ಹಾಗೆಯೇ ಕಳೆಯ ನೆರಳಲ್ಲಿ ಅಡಗಿ ಬೇಟೆಯಾಡುವ ಮೀನು. ಆದರೆ ಸುಡುಬಿಸಿಲಿಗೆ ಆಳದ ನೀರು ಹುಡುಕಿ ಅಂತ ಅವರು ಹೇಳುತ್ತಾರಲ್ಲ, ಆ ಮಾತನ್ನು ಉಜನಿಗೆ ತರಬೇಡಿ. ಬಾಸ್ ಉಸಿರಾಡುವುದು ಕಿವಿರಿನಿಂದ ಮಾತ್ರ. ಕೊರವಕ್ಕೆ ಕಿವಿರಿನ ಮೇಲ್ಗಡೆ, ತಲೆಯೊಳಗೆ, ಗಾಳಿ ಎಳೆದುಕೊಳ್ಳುವ ಇನ್ನೊಂದು ಗೂಡಿದೆ. ಅದು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ.

ಬೇಸಿಗೆಯ ಬೇಟೆಯೆಲ್ಲ ಈ ಉಸಿರಿನ ಮೇಲೆ ನಿಂತಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅದರ ಮೇಲೆ ಉಜನಿಗೆ ಮುಳಾ-ಮುಠಾ ನದಿ ಹೊತ್ತು ತರುವ ಪುಣೆಯ ಕೊಳಚೆ ಬೇರೆ. ಆ ಸಾರಕ್ಕೆ ನೀರು ಹಸಿರುಗಟ್ಟುತ್ತದೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಮ್ಮಿ. ಆಗ ಸಣ್ಣ ಮೀನುಗಳು ಮೇಲ್ಪದರಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ, ಓಡುವ ಶಕ್ತಿ ಇರುವುದಿಲ್ಲ. ಕೊರವಕ್ಕೆ ಆ ಕಷ್ಟವಿಲ್ಲ, ಮೇಲಿನ ಗಾಳಿ ಇದೆಯಲ್ವಾ! ಅದು ಆರಾಮಾಗಿ ತಿನ್ನುತ್ತದೆ. ಬೆಳಕು ಮೂಡಿದಾಗಿನಿಂದ ಎಂಟೂವರೆವರೆಗೆ ಒಂದು ಹೊತ್ತು, ಸಂಜೆ ಐದರಿಂದ ಕತ್ತಲಾಗುವವರೆಗೆ ಇನ್ನೊಂದು. ನಡುವೆ ನೆರಳಲ್ಲಿ ಮಲಗಿ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಬೇಕಾದವರು ಒಂಬತ್ತರ ಮೇಲೆ, ಗಾಳಿ ಬೀಸಿ ಅಲೆ ಬಡಿಯುವ ದಡದಲ್ಲಿ, ಬೆಂಡು ಕಟ್ಟಿ ಎರೆಹುಳು ಹಾಕಿದರೆ ಸಾಕು.

ಜಾಗ ಹುಡುಕಲು ಬೇಸಿಗೆಯೇ ನೆರವಾಗುತ್ತದೆ. ನೀರು ಇಳಿದಂತೆ ಮುಳುಗಿದ್ದದ್ದೆಲ್ಲ ಹೊರಗೆ ಬರುತ್ತದೆ. ಪಳಸದೇವ್ ಹತ್ತಿರ ಹಳೆಯ ಗುಡಿಯೇ ಎದ್ದು ನಿಲ್ಲುತ್ತದೆ. ಜಾಲಿಮರದ ಮೋಟು, ಹಳೇ ಬಾವಿಯ ಕಟ್ಟೆ, ಹೊಲದ ಬದು, ಇವೆಲ್ಲ ಕಣ್ಣಿಗೆ ಬೀಳುತ್ತವೆ. ನಾನು ಹುಡುಕುವುದು ಮೊಣಕಾಲಿನಿಂದ ಸೊಂಟದವರೆಗಿನ ನೀರು, ಅದರಲ್ಲಿ ಕಳೆ ಅಥವಾ ಜೊಂಡು, ಪಕ್ಕದಲ್ಲೇ ಸ್ವಲ್ಪ ಆಳದ ಕಾಲುವೆ. ಇವು ಮೂರೂ ಒಂದೇ ಕಡೆ ಕೂಡಿರುವ ಕಿರಿದಾದ ಕೊಲ್ಲಿ ಸಿಕ್ಕರೆ ಬೇರೆಡೆ ಅಲೆಯಬೇಡಿ.

ಹೋದ ತಕ್ಷಣ ಎಸೆಯಬೇಡಿ. ಕಾಲು ಗಂಟೆ ಸುಮ್ನೆ ನಿಂತು ನೋಡಿ. ಕೊರವ ಉಸಿರಿಗೆ ಬಂದಾಗ ಪುಳಕ್ ಅಂತ ಮೆತ್ತಗಿನ ಸದ್ದು. ಮೂತಿಯ ತುದಿ ಒಂದು ಕ್ಷಣ ಕಾಣುತ್ತದೆ, ಸಣ್ಣ ಸುಳಿ ಬಿಚ್ಚಿಕೊಳ್ಳುತ್ತದೆ, ಹಿಂದೆಯೇ ಎರಡು ಮೂರು ಗುಳ್ಳೆ. ಜಿಲೇಬಿ ಮೀನು ಹಾರಿದರೆ ನೀರು ಚಿಮ್ಮುತ್ತದೆ, ಕೊರವ ಬಂದರೆ ನೀರು ಮಡಚಿಕೊಂಡಂತೆ ಕಾಣುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಹತ್ತಿದರೆ ಅರ್ಧ ಕೆಲಸ ಆದ ಹಾಗೆ. ಜಾಗ ಗುರುತಿಟ್ಟುಕೊಳ್ಳಿ. ಕೆಲವು ನಿಮಿಷದಲ್ಲಿ ಅದೇ ಮೀನು ಅಲ್ಲೇ ಆಚೀಚೆ ಮತ್ತೆ ಏಳುತ್ತದೆ.

ಸಾಮಾನು ಹೆಚ್ಚು ಬೇಡ. ಏಳಡಿಯ ಗಟ್ಟಿ ರಾಡ್, ಮೂವತ್ತರಿಂದ ನಲವತ್ತು ಪೌಂಡ್ ಎಳೆತ ತಾಳುವ ಹೆಣೆದ ದಾರ, ಎರಡು ಟೊಳ್ಳು ರಬ್ಬರ್ ಕಪ್ಪೆ. ನೈಲಾನ್ ತಂಗೂಸಿ ಹಿಗ್ಗುತ್ತದೆ, ಕಳೆಯೊಳಗಿಂದ ಮೀನನ್ನು ಎಳೆಯಲು ಆಗದು. ಕಪ್ಪೆಯ ಎರಡು ಕೊಕ್ಕೆಗಳೂ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ, ಅದಕ್ಕೇ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಕೊಕ್ಕೆ ಹೊರಗೆ ಬರುತ್ತದೆ. ಹೊಸ ಕಪ್ಪೆ ಕೊಂಡರೆ ಹೆಬ್ಬೆರಳಿನಿಂದ ಅಮುಕಿ ನೋಡಿ. ಗಟ್ಟಿಯಿದ್ದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಹಾಕಿ ಮೆದು ಮಾಡಿಕೊಳ್ಳಿ. ಹೊಟ್ಟೆಗೆ ನೀರು ಸೇರಿದರೆ ಆಗಾಗ ಹಿಂಡಿ ತೆಗೆಯಿರಿ.

ಸುಳಿ ಎದ್ದ ಜಾಗದ ತಲೆಯ ಮೇಲೆ ಎಸೆದರೆ ಮೀನು ಓಡುತ್ತದೆ. ನಾಲ್ಕೈದು ಅಡಿ ಆಚೆಗೆ ಎಸೆದು, ಕಳೆಯ ಮೇಲೆ ಕಪ್ಪೆಯನ್ನು ಸಣ್ಣಗೆ ಕುಪ್ಪಳಿಸುತ್ತಾ ತನ್ನಿ. ಕಳೆಯ ನಡುವೆ ತೆರೆದ ನೀರು ಬಂದ ಕಡೆ ನಿಲ್ಲಿಸಿ. ಕಪ್ಪೆ ಎಬ್ಬಿಸಿದ ಅಲೆ ಅಡಗುವವರೆಗೂ ಕಾಯಿರಿ. ಏಟು ಬೀಳುವುದು ಹೆಚ್ಚಾಗಿ ಆ ನಿಲುಗಡೆಯಲ್ಲೇ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು, ಬೆಳಗಿನ ಉದ್ದ ನೆರಳನ್ನಂತೂ ಮರೆಯಲೇಬಾರದು.

ಢಬ್ ಅಂತ ಏಟು ಬಿದ್ದಾಗ ಎಲ್ಲರ ಕೈಯೂ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ತಡೆಯಿರಿ. ರಾಡಿನ ತುದಿ ಕೆಳಗಿಳಿಸಿ, ಸಡಿಲ ದಾರ ಸುತ್ತಿಕೊಳ್ಳಿ, ಮೀನಿನ ಭಾರ ಕೈಗೆ ಸಿಕ್ಕ ಮೇಲೆ ಜೋರಾಗಿ ಎತ್ತಿ. ಆಮೇಲೆ ಒಂದು ಕ್ಷಣವೂ ಸಡಿಲ ಕೊಡಬೇಡಿ, ಇಲ್ಲದಿದ್ದರೆ ಜಾಲಿಬೇರಿಗೆ ಸುತ್ತಿಬಿಡುತ್ತದೆ. ಹಲ್ಲು ಚೂಪು, ಬಾಯೊಳಗೆ ಬೆರಳು ಹಾಕಬೇಡಿ. ಇಕ್ಕಳದಿಂದ ಕೊಕ್ಕೆ ಬಿಡಿಸಿ. ಬಿಡುವ ಮೀನಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಲಗಿಸಿ ಫೋಟೋ ತೆಗೆಯಬೇಡಿ. ಅದರ ಮೈಮೇಲಿನ ಲೋಳೆಯೇ ಅದಕ್ಕೆ ಕವಚ. ನಾನು ಕೊರವವನ್ನು ಬಿಡುತ್ತೇನೆ, ಹೊರಗಿನಿಂದ ಬಂದು ತುಂಬಿಕೊಂಡಿರುವ ಜಿಲೇಬಿಯನ್ನು ಇಟ್ಟುಕೊಳ್ಳುತ್ತೇನೆ.

ಹಿನ್ನೀರಿನಲ್ಲಿ ಹೊಟ್ಟೆಪಾಡಿಗೆ ಬಲೆ ಹಾಕುವ ಭೋಯಿ ಜನರಿದ್ದಾರೆ. ಮೊದಲು ಅವರನ್ನು ಕೇಳಿ, ಅನುಮತಿ ಚೀಟಿ ಬೇಕೆಂದರೆ ಮಾಡಿಸಿ. ಕುಂಭಾರಗಾಂವ್ ದಡದಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. "ಕಾಕಾ, ಇವತ್ತು ಎಲ್ಲಿ ಹಾಕಲಿ?" ಅಂದರೆ ಬೆರಳು ಮಾಡಿ ತೋರಿಸುತ್ತಾರೆ, "ಆ ಥರ್ಮಾಕೋಲ್ ಕಾಣುತ್ತಲ್ಲ, ಅದರಾಚೆ ಬೇಡಪ್ಪಾ, ಬಲೆಯಿದೆ" ಅನ್ನುತ್ತಾರೆ. ತೇಲುವ ಥರ್ಮಾಕೋಲ್, ಪ್ಲಾಸ್ಟಿಕ್ ಬಾಟಲಿ ಕಂಡರೆ ಕೆಳಗೆ ಬಲೆಯಿದೆ ಎಂದೇ ತಿಳಿಯಿರಿ. ಕೊಕ್ಕೆ ಬಲೆಗೆ ಸಿಕ್ಕರೆ ನಿಮ್ಮ ದಾರ ಕತ್ತರಿಸಿ. ಅವರ ಬಲೆಯ ಒಂದು ಕಣ್ಣೂ ಹರಿಯಬಾರದು.

ಇನ್ನು ಜೀವದ ವಿಷಯ. ಇಳಿದ ನೀರಿನ ಅಂಚಿನಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲದ ಹಾಗೆ ಕಾಣುತ್ತದೆ. ಅಡಿಯಲ್ಲಿ ತೊಡೆಮಟ್ಟ ಕೆಸರು. ಕೋಲು ಚುಚ್ಚಿ ನೋಡದೆ ಹೆಜ್ಜೆ ಇಡಬೇಡಿ, ದನಗಳು ನೀರಿಗೆ ಇಳಿದ ದಾರಿಯಲ್ಲೇ ಇಳಿಯಿರಿ. ಒಬ್ಬರೇ ಹೋಗಲೇಬೇಡಿ. ಇಂದಾಪುರದ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ತಲೆಗೆ ಒದ್ದೆ ಟವೆಲ್ ಸುತ್ತಿ, ತುಂಬುತೋಳಿನ ಹತ್ತಿ ಅಂಗಿ ಹಾಕಿ, ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಳ್ಳಿ. ಜೊತೆಗಿರುವವರು ಮಾತು ತೊದಲಿದರೆ, ಮೈ ಕಾದು ಬೆವರು ನಿಂತರೆ ತಕ್ಷಣ ನೆರಳಿಗೆ ಒಯ್ದು ಮೈಗೆ ನೀರು ಸುರಿದು ಆಸ್ಪತ್ರೆಗೆ ಹೊರಡಿ.

ಮಧ್ಯಾಹ್ನದ ಮೇಲೆ ಮೋಡ ಕಪ್ಪಾಗಿ ತಣ್ಣನೆ ಗಾಳಿ ಬೀಸಿದರೆ ಆಗಲೇ ರಾಡ್ ಮಡಚಿ. ಕಾರ್ಬನ್ ರಾಡ್ ವಿದ್ಯುತ್ ಹರಿಯಲು ಬಿಡುತ್ತದೆ, ಸಿಡಿಲಿನಲ್ಲಿ ಅದನ್ನು ಎತ್ತಿ ಹಿಡಿಯುವ ಮಾತೇ ಇಲ್ಲ. ದೋಣಿಯಂತೂ ಬೇಡ. 2024ರ ಮೇ 21ರ ಸಂಜೆ ಇದೇ ಹಿನ್ನೀರಿನಲ್ಲಿ ಕುಗಾಂವ್‌ನಿಂದ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಮುಳುಗಿ ತೀರಿಕೊಂಡರು. ದಿನವೂ ಓಡಾಡುವ ದಾರಿ ಅದು. ದಡದಲ್ಲಿ ನಿಂತೇ ಕೊರವ ಸಿಗುತ್ತದೆ, ನೀರಿನ ನಡುವೆ ಹೋಗುವ ಅಗತ್ಯವೇ ಇಲ್ಲ.

ಮೊದಲ ಮಳೆ ಬಿದ್ದ ಮೇಲೆ ಲೆಕ್ಕ ಬದಲಾಗುತ್ತದೆ. ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಗಿಜಿಗಿಜಿ ಎನ್ನುವ ಮರಿಗಳ ಗುಂಪು ಕಾಣುತ್ತದೆ. ಅದರ ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಹೊತ್ತಿಗೆ ಕಪ್ಪೆ ಎಸೆದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಹಾರಿ ಕಚ್ಚುತ್ತವೆ. ಹಿಡಿಯುವುದು ತುಂಬ ಸುಲಭ, ಅದಕ್ಕೇ ಹಿಡಿಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ಕಾವಲು ತಪ್ಪಿದ ಕೂಡಲೇ ಬೇರೆ ಮೀನುಗಳು ಮರಿಗಳನ್ನು ನುಂಗುತ್ತವೆ. ಅಂಥ ಗುಂಪು ಕಂಡರೆ ಜಾಗ ಬಿಟ್ಟು ಮುಂದಿನ ಕೊಲ್ಲಿಗೆ ಹೋಗಿ, ಪಕ್ಕದಲ್ಲಿ ಗಾಳ ಹಾಕುತ್ತಿರುವವರಿಗೂ ಹೇಳಿ.